ಇಳಿಯಿರಿ ಎಂದವಳು

ಮುತ್ತುಸೆಲ್ವಿ ಕೆಲಸಕ್ಕೆ ಮರಳಿದ್ದು ಗಂಡ ಗುರುಸಾಮಿ ಸತ್ತ ಹದಿನೇಳನೆಯ ದಿನ. ಒಡ್ಡನ್‌ಛತ್ರಂ ಮಂಡಿಯಿಂದ ತರಕಾರಿ ಹೇರಿಕೊಂಡು ಹೊರಟ ಅವನ ಲಾರಿ ತಿರುವಿನಲ್ಲಿ ಮಗುಚಿತ್ತು. ಅವಳು ಅತ್ತಿರಲಿಲ್ಲ. ಅಳಲಿ ಎಂದು ನೆಂಟರು ಕಾದರು, ಅತ್ತೆ ಲಕ್ಷ್ಮಿಯಮ್ಮಾಳ್ ಬೆನ್ನು ಸವರಿದರು. ಒಳಗಿನಿಂದ ಏನೂ ಬರಲಿಲ್ಲ.

"ಮನೇಲಿ ಕೂತು ಏನ್ ಮಾಡ್ತೀಯಮ್ಮಾ, ಓಗಿ ಬಾ," ಎಂದು ಕೊನೆಗೆ ಅತ್ತೆಯೇ ಬುತ್ತಿ ಕಟ್ಟಿಕೊಟ್ಟರು.

ತಮಿಳುನಾಡಿನ ತೇನಿಯ ಆಚೆ, ವಿದ್ಯುತ್ ತಯಾರಿಸುವ ಗಾಳಿಯಂತ್ರಗಳ ಬಯಲಿನಲ್ಲಿ ಅವಳ ಕೆಲಸ. ದುರಸ್ತಿಯವರು ಗೋಪುರ ಹತ್ತುವ ಮೊದಲು ಗಾಳಿ ಎಷ್ಟಿರುತ್ತದೆಂದು ಹೇಳಬೇಕು. ಹವಾಮಾನ ಮುನ್ಸೂಚನೆ ಇಡೀ ಜಿಲ್ಲೆಗೆ ಒಂದೇ ಮಾತು ಹೇಳುತ್ತದೆ. ಗಾಳಿಯೋ ಪಡುವಣ ಬೆಟ್ಟಗಳ ಸಂದಿಯಿಂದ ನುಗ್ಗಿ ಕಂಬಂ ಕಣಿವೆ ಹಿಡಿದು ಬರುತ್ತದೆ. ಅದಕ್ಕೇ ಅವಳು ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿತೋಟದಲ್ಲಿ ನೆಟ್ಟಿದ್ದ ಗಾಳಿಮಾಪಕದ ಅಂಕಿಯನ್ನೂ ನೋಡುತ್ತಿದ್ದಳು. ಅಲ್ಲಿ ಎದ್ದ ಗಾಳಿ ಮುಕ್ಕಾಲು ಗಂಟೆಗೆ ಇಲ್ಲಿ.

ಅಂದು ಮುನ್ಸೂಚನೆ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಎಂದಿತ್ತು. ದುರಸ್ತಿಯ ಅಜಿತ್‌ಕುಮಾರ್, ಶಕ್ತಿವೇಲ್ ಇಬ್ಬರೂ, ಅವಳಂತೆಯೇ ಮನೆಯಲ್ಲಿ ಕನ್ನಡ ಆಡುವವರು, ಗೋಪುರ ಹತ್ತಿದರು. ಹನ್ನೊಂದರ ಹೊತ್ತಿಗೆ ದ್ರಾಕ್ಷಿತೋಟದ ಅಂಕಿ ಮೂವತ್ತು. ಹತ್ತೇ ನಿಮಿಷಕ್ಕೆ ಐವತ್ತೆಂಟು. ಮಾಪಕ ಕೆಟ್ಟಿತೇ? ನಡುದಾರಿಯ ಉತ್ತಮಪಾಳ್ಯಂ ಮಾಪಕ ನೋಡಿದಳು. ಅದೂ ಏರತೊಡಗಿತ್ತು. ವಾಕಿಟಾಕಿ ಎತ್ತಿಕೊಂಡಳು.

"ಅಜಿತ್, ಇಬ್ರೂ ಇಳೀರಿ."

"ಇಲ್ಲಿ ಗಾಳಿನೇ ಇಲ್ಲಕ್ಕಾ. ಎರಡೇ ಬೋಲ್ಟ್ ಐತೆ, ಮುಗಿಸ್ಕಂಡು ಬತ್ತೀವಿ."

"ಬ್ಯಾಡ. ಅಲ್ಲೇ ಬಿಟ್ಟು ಇಳೀರಿ."

ಪಕ್ಕದಲ್ಲಿದ್ದ ಮೇಲ್ವಿಚಾರಕ ಶಿವಬಾಲನ್, ಮುನ್ಸೂಚನೆ ಚೆನ್ನಾಗಿಯೇ ಇದೆಯಲ್ಲಮ್ಮಾ, ಇನ್ನಷ್ಟು ದಿನ ರಜೆಯಲ್ಲಿ ಇರಬಹುದಿತ್ತು ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದ. ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. ಅಂಕಿ ಕಂಡವನು ಕಿಟಕಿಗೆ ಹೋಗಿ ಗೋಪುರದತ್ತ ನೋಡತೊಡಗಿದ.

ಇಬ್ಬರೂ ನೆಲಕ್ಕೆ ಕಾಲಿಟ್ಟು ಕಾಲು ಗಂಟೆಯಾಗಿರಲಿಲ್ಲ, ಗಾಳಿ ಬಂತು. ಕೆಂಧೂಳಿನಲ್ಲಿ ಗೋಪುರದ ತುದಿಯೇ ಕಾಣಿಸದಾಯಿತು. ಕಚೇರಿಯ ಚಾವಣಿಯ ತಗಡಿನ ಒಂದು ಹಾಳೆ ಕಿತ್ತುಹೋಗಿ ಬೇಲಿಗೆ ಬಡಿಯಿತು.

ಒಳಗೆ ಬಂದ ಅಜಿತ್‌ಕುಮಾರ್ ಹೆಲ್ಮೆಟ್ ತೆಗೆದು ಅವಳ ಮೇಜಿನ ಮೇಲಿಟ್ಟ. "ಅಕ್ಕಾ, ನೀನು ಕೂಗ್ದೆ ಇದ್ದಿದ್ರೆ..." ಎಂದ.

ಅವಳಿಗೆ ಸಂತೋಷವಾಗಬೇಕಿತ್ತು. ಹಲ್ಲು ಕೀಳಿಸಿಕೊಂಡ ಜಾಗವನ್ನು ನಾಲಿಗೆ ತಡಕುವಂತೆ ತನ್ನೊಳಗೆ ತಡಕಿ ನೋಡಿದಳು. ಸಂತೋಷವೂ ಇಲ್ಲ, ನೋವೂ ಇಲ್ಲ.

"ಉಣ್ಣೋಗ್ರಪ್ಪಾ," ಎಂದಳು. ಸಂಜೆಯವರೆಗೆ ಯಾರನ್ನೂ ಹತ್ತಗೊಡಲಿಲ್ಲ.

ಮರುದಿನ ಬೆಳಿಗ್ಗೆ ಶಿವಬಾಲನ್ ಅವಳ ಮೇಜಿನ ಮುಂದೆ ಬಂದು, ಇವತ್ತು ಹುಡುಗರನ್ನು ಹತ್ತಿಸಬಹುದೇ ಎಂದು ಕೇಳಿದ. ಅವಳು ಅಂಕಿಗಳನ್ನು ನೋಡಿ, ಒಂಬತ್ತು ಗಂಟೆಯವರೆಗೆ ಹತ್ತಬಹುದು ಎಂದಳು.