ರಂಜಾನಿಗೆ ಹಾಕಿದ ಪಾಳಿ

ಫೆಬ್ರವರಿ ಹದಿನೇಳು, ಮಂಗಳವಾರ, ಬೆಳಿಗ್ಗೆ ಆರೂವರೆ. ದಾಂಡೇಲಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ, ಮಗ. ಮರುದಿನ ಸಂಜೆ ಚಂದ್ರ ಕಂಡರೆ ಗುರುವಾರದಿಂದ ರೋಜಾ, ನಸುಕಿನಿಂದ ಸಂಜೆಯವರೆಗೆ ಅನ್ನ ನೀರು ಮುಟ್ಟದ ಉಪವಾಸ. ನಮ್ಮ ಮನೆಮಾತು ಉರ್ದು. ಇಲ್ಲಿ ಬರುವ ಮನೆಯ ಮಾತುಗಳನ್ನು ನಾನು ಊರಿನ ಕನ್ನಡಕ್ಕೆ ತಂದು ಬರೆದಿದ್ದೇನೆ.

ಈ ಸಲ ನಾನೂ ರೋಜಾ ಇರುತ್ತೇನೆ ಎಂದು ಅವರಿಬ್ಬರಿಗೂ ಹೇಳಿದೆ. ಕಾಗದದ ಮಿಲ್ಲಿನ ಬಾಯ್ಲರ್ ವಿಭಾಗದಲ್ಲಿ ಫೋರ್‌ಮನ್ ಆಗಿದ್ದವನು ನಾನು. ಏಪ್ರಿಲ್ ತಿಂಗಳ ರಂಜಾನಿನಲ್ಲೂ ಬೆಂಕಿಯ ಎದುರು ನಿಂತು, ಒಂದು ದಿನ ಬಿಡದೆ ಉಪವಾಸ ಮಾಡಿದ್ದೆ. ಬಿಟ್ಟದ್ದು ಕಳೆದ ಎರಡು ರಂಜಾನ್ ಮಾತ್ರ. ಕಾರಣ ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡ ಹೊಟ್ಟೆ ಸಣ್ಣ ಮಾಡುವ ಆಪರೇಶನ್. ಆಗ ನೂರಾ ಹದಿನೆಂಟು ಕಿಲೋ ಇದ್ದೆ. ವರ್ಷ ತುಂಬುವುದರೊಳಗೆ ಎಂಬತ್ತರ ಕೆಳಗೆ ಇಳಿದೆ. ಮೊಣಕಾಲು ಹಗುರಾದವು, ಸಕ್ಕರೆ ಕಾಯಿಲೆಯ ಗುಳಿಗೆ ನಿಂತಿತು, ಹಳೇ ಪ್ಯಾಂಟುಗಳನ್ನು ಹಂಚಿಬಿಟ್ಟೆ.

ನಿಲ್ಲದ ಗುಳಿಗೆ ಒಂದಿತ್ತು. ನಲವತ್ತರ ಆಸುಪಾಸಿನಲ್ಲಿ ನನಗೆ ಮನಸ್ಸಿನ ಕಾಯಿಲೆ ಬಂತು. ತಲೆ ಓಡತೊಡಗಿದರೆ ನಿಲ್ಲುವುದಿಲ್ಲ, ನಿದ್ದೆ ಬೇಡವಾಗುತ್ತದೆ, ಲೋಕವನ್ನೆಲ್ಲ ನಾನೇ ಸರಿಪಡಿಸಬೇಕು ಅನ್ನಿಸುತ್ತದೆ. ಅದಕ್ಕೆ ಅಂದಿನಿಂದ ಲಿಥಿಯಂ ತೆಗೆದುಕೊಳ್ಳುತ್ತೇನೆ, ದಿನಕ್ಕೆ ಎರಡು ಹೊತ್ತು. ಇದನ್ನು ಮುಚ್ಚಿಡುವ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ. ಆಪರೇಶನ್ ಆದ ಮೇಲೆ ಹೊಟ್ಟೆ ಬದಲಾಗಿದೆ, ರಕ್ತದಲ್ಲಿ ಔಷಧಿ ಏರುಪೇರಾಗುತ್ತಿದೆ ಎಂದು ಡಾಕ್ಟರು ಅದರ ಪ್ರಮಾಣವನ್ನು ಕಡಿಮೆ ಮಾಡಿದರು. ಮುಂದಿನ ಮಳೆಗಾಲದಲ್ಲಿ ಕಾಯಿಲೆ ತಿರುಗಿ ಎದ್ದಿತು. ನಾನು ಓಣಿಗೆಲ್ಲ ಪಾಳಿ ಹಾಕಿದೆ. ಯಾವ ಮನೆಯವರು ಎಷ್ಟು ಹೊತ್ತಿಗೆ ನೀರು ತುಂಬಬೇಕು, ಹಾಲಿನವನು ಯಾವ ಕಡೆಯಿಂದ ಬರಬೇಕು, ಆಟೋದವರು ಎಲ್ಲಿ ನಿಲ್ಲಬೇಕು, ಎಲ್ಲ ನಾನೇ ಗೊತ್ತುಮಾಡಿದೆ. ಕೊನೆಗೊಂದು ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು, ನಿವೃತ್ತನಾಗಿ ವರ್ಷಗಳೇ ಆಗಿದ್ದರೂ, ಎರಡನೇ ಪಾಳಿಗೆ ಮಿಲ್ಲಿನ ಗೇಟಿಗೆ ಹೋಗಿ ನಿಂತೆ. ಗೇಟಿನವನು ಹಳಬ. ನಿಮ್ಮ ಪಾಳಿ ನಾಳೆ ಐತ್ರಿ ಸಾಹೇಬ್ರ ಎಂದು ಹೇಳಿ, ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟ. ಅವನ ಮೇಲೆ ನನಗೆ ಇಂದಿಗೂ ಪ್ರೀತಿ.

ಆಗ ಡಾಕ್ಟರು ಲಿಥಿಯಂ ಸರಿಪಡಿಸಿ, ರಾತ್ರಿಗೆ ಇನ್ನೊಂದು ಗುಳಿಗೆ ಸೇರಿಸಿದರು. ಕಾಯಿಲೆ ನಿಂತಿತು, ಹಸಿವು ಶುರುವಾಯಿತು. ಆಪರೇಶನ್ ಆದ ಹೊಟ್ಟೆಗೆ ಎರಡನೇ ಚಪಾತಿ ಹಿಡಿಯುವುದಿಲ್ಲ, ಮಟನ್ ತುಂಡು ಎದೆಯಲ್ಲೇ ನಿಲ್ಲುತ್ತದೆ. ಆದರೆ ಚಹಾದಲ್ಲಿ ಅದ್ದಿದ ಖಾರಿ ಬಿಸ್ಕತ್ತು ಎಷ್ಟು ಹಾಕಿದರೂ ಬೇಡ ಅನ್ನುವುದಿಲ್ಲ. ತೊಂಬತ್ಮೂರು ಕಿಲೋಗೆ ಬಂದು ನಿಂತೆ. ಆದ್ದರಿಂದ ಈ ರಂಜಾನಿನಲ್ಲಿ ಎರಡು ಕೆಲಸ ಒಟ್ಟಿಗೆ ಮುಗಿಸುವುದೆಂದು ತೀರ್ಮಾನಿಸಿದ್ದೆ. ರೋಜಾ ಆಗುತ್ತದೆ, ತೂಕವೂ ಇಳಿಯುತ್ತದೆ. ಬೆಳಗಿನ ಗುಳಿಗೆ ನಸುಕಿಗೆ ಮುಂಚಿನ ಸೆಹರಿಯ ಊಟಕ್ಕೆ, ಸಂಜೆಯದು ರೋಜಾ ಬಿಡುವ ಇಫ್ತಾರಿಗೆ, ರಾತ್ರಿಯದು ತರಾವೀಹ್ ನಮಾಜಿನ ನಂತರ. ಹೆಂಡತಿ ಮೂರೂವರೆಗೆ ಎದ್ದು ಮೊಟ್ಟೆ ಬೇಯಿಸಬೇಕು. ಮಗ ಶುಕ್ರವಾರಕ್ಕೊಮ್ಮೆ ಗ್ಯಾರೇಜಿಗೆ ಹೋಗುವ ಮುಂಚೆ ನನ್ನನ್ನು ತೂಕಕ್ಕೆ ಒಯ್ಯಬೇಕು. ಪಕ್ಕದ ಮನೆಯವರು ಟಿವಿ ಎಷ್ಟು ಹೊತ್ತಿಗೆ ಬಂದ್ ಮಾಡಿದರೆ ಅನುಕೂಲ ಎಂಬುದನ್ನೂ ಹೇಳಿದೆ.

ಮಗ ಆಯ್ತು ಅಬ್ಬಾ ಎಂದ. ಹೆಂಡತಿ ಒಲೆ ಆರಿಸಿದಳು. ಇವತ್ತು ಹಳಿಯಾಳದ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುವ ದಿನ ಅಲ್ಲವೇ ಎಂದು ಕೇಳಿದಳು. ಹೌದು, ನಾನು ಹೊರಟಿದ್ದೇ ಅಲ್ಲಿಗೆ. ನಾನೂ ಬರುತ್ತೇನೆ ಎಂದಳು. ಒಂದು ವರ್ಷದಿಂದ ನಾನು ಒಬ್ಬನೇ ಹೋಗಿ ಬರುತ್ತಿದ್ದೆ.

ಬಸ್ಸಿನಲ್ಲಿ ಮಿಲ್ಲಿನ ಹಳೇ ಗೆಳೆಯ ಸಿಕ್ಕ. ಸಾಂಬ್ರಾಣಿಯ ಕಡೆಯವನು, ಈಗ ಹೊಲ ನೋಡಿಕೊಂಡಿದ್ದಾನೆ. ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಜಾಗ ಕೊಡಲು ಬೇಕೆಂದೇ ಕಿಟಕಿಗೆ ಅಂಟಿಕೊಂಡು ಕುಳಿತ.

"ಫೋರ್‌ಮನ್ ಸಾಹೇಬ್ರ, ಮತ್ತ ತುಂಬಿಕೊಂಡೀರಲ್ಲ. ಹುಬ್ಬಳ್ಳಿಗೆ ಹೋಗಿ ಆಪರೇಶನ್ ರೊಕ್ಕಾ ವಾಪಸ್ ಕೇಳ್ರಿ."

ಅರ್ಧ ರೊಕ್ಕ ಮಾತ್ರ ಕೇಳಬಹುದು, ಇನ್ನರ್ಧ ತೂಕ ಬಂದಿಲ್ಲ ಎಂದೆ. ಅವನು ನಕ್ಕ. ನನ್ನ ಹೆಂಡತಿ ನಗಲಿಲ್ಲ. ತಮಾಷೆಗೆ ಮುಖ ಗಂಟಿಕ್ಕುವವಳಲ್ಲ ಅವಳು, ಆದ್ದರಿಂದ ಅದು ನನ್ನ ಗಮನಕ್ಕೆ ಬಂತು.

ಡಾಕ್ಟರು ನನಗೆ ಮಗಳಾಗುವ ವಯಸ್ಸಿನ ಹೆಣ್ಣುಮಗಳು. ರೋಗಿ ಮಾತು ಮುಗಿಸುವವರೆಗೆ ಪೆನ್ನು ಎತ್ತುವುದಿಲ್ಲ. ಅದು ನನಗೆ ಹಿಡಿಸುತ್ತದೆ. ನಾನು ಯೋಜನೆಯನ್ನು ಒಪ್ಪಿಸಿದೆ. ಅವರು ಅರ್ಧ ಲೀಟರ್ ನೀರನ್ನು ನಾನು ಒಂದೇ ಸಲ ಕುಡಿಯಬಲ್ಲೆನೇ ಎಂದು ಕೇಳಿದರು. ಆಗುವುದಿಲ್ಲ, ಗುಟುಕು ಗುಟುಕಾಗಿ ಕುಡಿಯಬೇಕು. ಹಾಗಿದ್ದರೆ ಹಗಲೆಲ್ಲ ನೀರು ಬಿಟ್ಟು, ರಾತ್ರಿ ಅದನ್ನು ತುಂಬಿಕೊಳ್ಳುವುದು ಹೇಗೆ? ಮೈಯಲ್ಲಿ ನೀರು ಇಳಿದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ, ಏರಿದರೆ ವಿಷ ಎಂದರು. ಬಾಯ್ಲರಿನ ಮುಂದೆಯೇ ರೋಜಾ ಇದ್ದವನು ನಾನು ಎಂದೆ.

"ಆವಾಗ ನಿಮ್ಮ ಹೊಟ್ಟಿ ದೊಡ್ಡದಿತ್ತಲ್ರಿ ಚಾಚಾ," ಅಂದರು ಅವರು.

ಬಾಯ್ಲರಿನ ಹೆಸರು ಎತ್ತಿದ್ದು ನಾನೇ, ಸೋತದ್ದೂ ಅಲ್ಲೇ. ಉರಿಯುವ ಬಾಯ್ಲರಿಗೆ ಪಂಪು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ನೀರು ಕೊಡುತ್ತಲೇ ಇರಬೇಕು. ಹಗಲು ಬಿಟ್ಟು ರಾತ್ರಿ ಒಮ್ಮೆಲೇ ತುಂಬಿಸುತ್ತೇನೆ ಎಂದು ನನ್ನ ಕೈಕೆಳಗಿನವನು ಹೇಳಿದ್ದರೆ ಅವತ್ತೇ ಅವನನ್ನು ಗೇಟಿನ ಹೊರಗೆ ಕಳಿಸುತ್ತಿದ್ದೆ. ಆದರೂ ಇನ್ನೊಂದು ವಾದ ಉಳಿದಿತ್ತು. ರೋಜಾ ಬೇಡವಾದರೆ ರಾತ್ರಿಯ ಗುಳಿಗೆ ನಿಲ್ಲಿಸಿ, ತೂಕ ಏರಿಸುತ್ತಿರುವುದು ಅದೇ, ನಾನೀಗ ಚೆನ್ನಾಗಿದ್ದೇನೆ ಎಂದೆ.

ಹೆಂಡತಿ ಸೆರಗು ಸರಿ ಮಾಡಿಕೊಂಡು ಡಾಕ್ಟರ ಕಡೆ ತಿರುಗಿದಳು.

"ಇವರು ಆರಾಮ ಇದ್ದಾಗ ಇವರ ಟೈಮ್ ಇವರಿಗೆ ಅಷ್ಟ ಇರ್ತೈತ್ರಿ. ಕೆಟ್ಟಾಗ ಎಲ್ಲಾರ ಟೈಮೂ ಇವರದ. ಇವತ್ತ ಮುಂಜಾನೆ ನನಗ, ಮಗಗ, ಬಾಜೂ ಮನಿಯವರಿಗೂ ಪಾಳಿ ಹಾಕ್ಯಾರ. ತೂಕ ಏರಿದ್ರ ನನಗೇನೂ ಅಂಜಿಕಿಲ್ರಿ. ಇದಕ್ಕ ಅಂಜಿಕಿ."

ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ನನ್ನ ಕಾಯಿಲೆಯನ್ನು ಹೇಗೆ ಗುರುತು ಹಿಡಿಯುತ್ತಾಳೆಂದು ನಾನು ಕೇಳಿರಲಿಲ್ಲ. ಕೇಳಿದ ಮೇಲೆ ಲೆಕ್ಕ ಸರಿಯಾಗಿದೆ ಎಂದು ಒಪ್ಪಲು ನನಗೆ ತಡವಾಗಲಿಲ್ಲ. ಟಿವಿಯ ವಿಷಯ ಅತಿಯಾಗಿತ್ತು.

ಡಾಕ್ಟರು ನನ್ನ ನಿದ್ದೆ, ಖರ್ಚು, ಮಾತಿನ ವೇಗ ಎಲ್ಲ ವಿಚಾರಿಸಿದರು, ನನ್ನ ಉತ್ತರಗಳನ್ನು ಹೆಂಡತಿಯಿಂದ ಖಚಿತ ಮಾಡಿಕೊಂಡರು. ರಾತ್ರಿ ಏಳು ತಾಸು ನಿದ್ದೆ ಮಾಡುತ್ತೇನೆ. ಈಗ ಆರಾಮ ಇದ್ದಾರೆ ಎಂದರು. ಹಾಗೇ ಇರಬೇಕೆಂದರೆ ನಿದ್ದೆ ಕೆಡಬಾರದು, ಈ ತಿಂಗಳು ಮನೆಯೆಲ್ಲ ಅಪರಾತ್ರಿಯಲ್ಲಿ ಏಳುತ್ತದೆ, ಆದ್ದರಿಂದ ಗುಳಿಗೆಗೆ ಈಗ ಕೈ ಹಚ್ಚುವುದು ಬೇಡ. ಹಬ್ಬ ಮುಗಿದ ಮೇಲೆ ಅಷ್ಟು ಹಸಿವು ತರದ ಬೇರೆ ಗುಳಿಗೆಗೆ ನಿಧಾನವಾಗಿ ಬದಲಿಸಬಹುದು ಎಂದರು. ತೂಕದ ತಪ್ಪೆಲ್ಲ ಗುಳಿಗೆಯದೇ ಏನು ಎಂದೂ ಕೇಳಿದರು. ಖಾರಿ, ಟೋಸ್ಟ್, ಚೂಡಾ ಎಂದು ಹೆಂಡತಿ ಹೆಸರು ಹಿಡಿದು ಹೇಳಿದಳು. ಊಟದಲ್ಲಿ ಮೊದಲು ಮೊಟ್ಟೆ, ಬೇಳೆ, ಮೀನು ತಿನ್ನಬೇಕು, ಖಾರಿ ಬಂದ್, ಊಟಕ್ಕೂ ನೀರಿಗೂ ನಡುವೆ ಅಂತರ ಇರಬೇಕು ಎಂದರು ಡಾಕ್ಟರು. ಇದೆಲ್ಲ ಹುಬ್ಬಳ್ಳಿಯಲ್ಲೇ ಹೇಳಿದ್ದರು. ಮತ್ತೊಮ್ಮೆ ಹೇಳಿಸಿಕೊಂಡು, ಲಿಥಿಯಂ ನೋಡಲು ರಕ್ತ ಕೊಟ್ಟು ಹೊರಬಂದೆ.

ಊರಿಗೆ ಮರಳಿ, ಇಳಿಹೊತ್ತಿನ ಅಸರ್ ನಮಾಜಿನ ನಂತರ ಮೌಲಾನಾರನ್ನು ಕಂಡೆ. ವಾಸಿಯಾಗದ ಕಾಯಿಲೆ ಇದ್ದವನಿಗೆ ರೋಜಾ ಮಾಫ್ ಇದೆ, ಒಂದೊಂದು ರೋಜಾಕ್ಕೆ ಬದಲಾಗಿ ಒಬ್ಬ ಬಡವನಿಗೆ ಊಟ ಕೊಡಬೇಕು, ಅದೇ ಫಿದ್ಯಾ ಎಂದರು. ನನಗಿದು ತಿಳಿಯದ ವಿಷಯವಲ್ಲ. ಹಿಂದಿನ ಎರಡು ವರ್ಷ ಮಗ ಅದರ ಹಣ ಕಟ್ಟಿದ್ದ. ಈ ಸಲ ಊಟವನ್ನೇ ಕೊಡುತ್ತೇನೆ ಎಂದೆ. ಕಟ್ಟಿಗೆ ಡಿಪೋದ ಹತ್ತಿರ ಒಬ್ಬಂಟಿ ಹಮಾಲ ಇದ್ದಾನೆ, ಬೆನ್ನು ಹೋಗಿದೆ, ಕೆಲಸ ಸಿಗುವುದು ಕಡಿಮೆ. ದಿನಾ ಇಫ್ತಾರಿಗೆ ಮುಂಚೆ ಅನ್ನ ಬೇಳೆ ಮಾಡಿ, ನಡೆದುಕೊಂಡು ಹೋಗಿ ಅವನಿಗೆ ಮುಟ್ಟಿಸುವುದು. ನಡಿಗೆಯೂ ಆಗುತ್ತದೆ. ಸಂಜೆಯೇ ಹೋಗಿ ಅವನನ್ನು ಒಪ್ಪಿಸಿದೆ. ಉಪ್ಪು ಕಡಿಮೆ ಹಾಕಬೇಕು ಎಂದು ಅವನೇ ಷರತ್ತು ಹಾಕಿದ.

ಮನೆಯಲ್ಲಿ ಹೊಸ ಪಾಳಿಯನ್ನು ಹೇಳಿದೆ. ಅಡುಗೆ ನಾನೇ ಮಾಡುತ್ತೇನೆ, ಪಾತ್ರೆ ನಾನೇ ತೊಳೆಯುತ್ತೇನೆ, ಅವರವರ ಸಮಯ ಅವರಿಗೆ ಬಿಟ್ಟದ್ದು. ಹಗಲು ನನ್ನ ಊಟವನ್ನು ಹಿಂದಿನ ಕೋಣೆಯಲ್ಲಿ, ಉಪವಾಸ ಇದ್ದವರ ಕಣ್ಣಿಗೆ ಬೀಳದಂತೆ, ಕದ ಮುಚ್ಚಿ ಮಾಡುತ್ತೇನೆ ಎಂದೆ.

"ಕದ ಯಾಕ ಮುಚ್ಚತೀರಿ, ಕಳುವು ಮಾಡ್ತೀರೇನು?" ಎಂದಳು ಹೆಂಡತಿ. "ನನ್ನ ಎದುರಿಗೇ ಕುಂತು ಉಣ್ರಿ. ನನ್ನ ರೋಜಾ ನಿಮ್ಮ ಒಂದು ಮೊಟ್ಟಿಗೆ ಮುರಿಯೂದಿಲ್ಲ."

ಬಸ್ಸಿನಲ್ಲಿ ನಗದವಳು ಈಗ ನಗುತ್ತಿದ್ದಳು.

ಇನ್ನು ಉಳಿದದ್ದು ನಿದ್ದೆ. ಸೆಹರಿಗೆ ಮನೆಯನ್ನು ಎಬ್ಬಿಸುವ ಕೆಲಸ ಮದುವೆಯಾದಾಗಿನಿಂದ ನನ್ನದು. ರೋಜಾ ಬಿಟ್ಟ ಎರಡು ವರ್ಷವೂ ಅದನ್ನು ಬಿಟ್ಟಿರಲಿಲ್ಲ. ಈಗ ಅದನ್ನು ಮಗನಿಗೆ ಕೊಡಬೇಕೇ, ಹೆಂಡತಿಗೆ ಕೊಡಬೇಕೇ ಎಂದು ಲೆಕ್ಕ ಹಾಕತೊಡಗಿ, ಅಲ್ಲಿಗೇ ನಿಲ್ಲಿಸಿದೆ. ಅದು ಅವರು ನೋಡಿಕೊಳ್ಳುವ ಮಾತು. ನಾವು ಮಲಗುವ ಕೋಣೆ ಅಡುಗೆಕೋಣೆಗೆ ಅಂಟಿಕೊಂಡಿದೆ, ಪಾತ್ರೆಯ ಸದ್ದಿಗೆ ನನಗೆ ಎಚ್ಚರವಾಗುತ್ತದೆ. ರೋಜಾಕ್ಕೆ ಇನ್ನೂ ಎರಡು ದಿನ ಇದ್ದರೂ ರೂಢಿ ಆಗಲೆಂದು ನನ್ನ ಮಂಚವನ್ನು ಅಂದೇ ಪಡಸಾಲೆಯ ಪಕ್ಕದ ಸಣ್ಣ ಕೋಣೆಗೆ ಸಾಗಿಸಿದೆವು. ಮಗ ತಲೆಯ ಕಡೆ ಹಿಡಿದ, ನಾನು ಕಾಲಿನ ಕಡೆ. ಬಾಗಿಲಲ್ಲಿ ಮಂಚ ಸಿಕ್ಕಿಕೊಂಡಾಗ ಹೀಗೆ ತಿರುಗಿಸು, ಹಾಗೆ ತಿರುಗಿಸು ಎಂದು ಇಬ್ಬರಿಗೂ ಹೇಳಿದವಳು ಹೆಂಡತಿ. ಅವಳು ಹೇಳಿದಂತೆಯೇ ತಿರುಗಿಸಿದೆವು, ಒಳಗೆ ಹೋಯಿತು. ಹಾಸಿಗೆ ಹಾಸಿ, ಒಂಬತ್ತಕ್ಕೆ ರಾತ್ರಿಯ ಗುಳಿಗೆಯನ್ನು ಎರಡು ಗುಟುಕು ನೀರಿನಲ್ಲಿ ನುಂಗಿ, ಕದ ಹಾಕಿಕೊಂಡೆ.