ಹಾಡಿನ ನಡುವೆ ಮಾತಾಡಿದವನು

ಗೆಳೆಯ ಸತ್ತ ಮೇಲೆ ಅವನ ದನಿ ಉಳಿದದ್ದು ಒಂದೇ ಕ್ಯಾಸೆಟ್‌ನಲ್ಲಿ. ಕಾಲೇಜಿನ ರಾಕ್ ಕಾರ್ಯಕ್ರಮದಲ್ಲಿ ಅವನು ಗಿಟಾರ್ ನುಡಿಸಿದ್ದ, ಹಾಡಿದವನು ಬೇರೆಯವನು. ಆದರೆ ಪ್ರತಿ ಹಾಡಿಗೂ ಮೊದಲು ಇವನು ಮೈಕಿಗೆ ಬಂದು, ಅದು ಯಾವ ಇಂಗ್ಲಿಷ್ ತಂಡದ ಯಾವ ಆಲ್ಬಮ್‌ನದು, ಅದನ್ನು ಮಾಡುವಾಗ ಆ ತಂಡದಲ್ಲಿ ಯಾರು ಯಾರ ಜೊತೆ ಜಗಳವಾಡಿದ್ದರು ಎಂದು ಚಾಮರಾಜನಗರದ ಕನ್ನಡದಲ್ಲಿ ವಿವರಿಸುತ್ತಿದ್ದ. ಜನ ಹಾಡಿಗಿಂತ ಅದಕ್ಕೇ ಹೆಚ್ಚು ಚಪ್ಪಾಳೆ ತಟ್ಟಿದ್ದರು.

ಅವನ ತಾಯಿ ಆ ದನಿ ಕೇಳಬೇಕೆಂದರು. ಟೇಪು ಸುಕ್ಕಾಗಿತ್ತು. ಕೆಲಸಕ್ಕೆಂದು ಗುಂಡ್ಲುಪೇಟೆಗೆ ಹೋದಾಗ ಅಲ್ಲಿನ ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು, ಹೊಸ ಕ್ಯಾಸೆಟ್‌ಗೆ ಇಳಿಸಲು ಹೇಳಿದೆ.

ಸಂಜೆ ಅಂಗಡಿಯವನು ಹೆಮ್ಮೆಯಿಂದ ಕೈಗಿಟ್ಟ.

"ಬಂಗಾರದಂಗೆ ಕ್ಲೀನ್ ಮಾಡ್ಬುಟ್ಟಿವ್ನಿ ಸಾ. ಮಧ್ಯ ಮಧ್ಯ ಯಾವನೋ ಒಬ್ಬ ಕುಯ್ತಿದ್ದ. ಅವನ್ನ ಪೂರ್ತಿ ಎತ್ತಾಕ್ಬುಟ್ಟೆ."

"ಹಳೇ ಟೇಪು?"

"ಅದು ಪೀಸ್ ಪೀಸಾಗೋಯ್ತು, ಬಿಸಾಕ್ದೆ. ಮಾತು ಬುಟ್ರೆ ಗಿರಾಕಿಗಳು ಬಯ್ತಾರೆ ಸಾ. ಮಿಕ್ಕಿದ್ ಜಾಗಕ್ಕೆ ಮಾದಪ್ಪನ ಪದ ತುಂಬ್ಸಿವ್ನಿ, ಫ್ರೀ."

ನಾನು ಥ್ಯಾಂಕ್ಸ್ ಹೇಳಿ ಬಂದೆ.

ತಾಯಿ ಟೇಪ್ ರೆಕಾರ್ಡರ್‌ಗೆ ಕಿವಿಯೊಡ್ಡಿ ಕೂತರು. ಡ್ರಮ್ಮಿನ ಹೊಡೆತವನ್ನೆಲ್ಲ ಸಹಿಸಿಕೊಂಡರು. ಕೊನೆಗೆ, "ಇವ್ನು ಯಾವಾಗ ಮಾತಾಡ್ತಾನಪ್ಪ?" ಅಂದರು.

"ಅವತ್ತು ಗಂಟ್ಲು ಕಟ್ಟಿತ್ತು ಕಣಮ್ಮ."

"ಥಂಡೀಲಿ ತಿರುಗ್ಬ್ಯಾಡ ಕಣ್ಲಾ ಅಂತ ಬಡ್ಕೊಂಡೆ. ನನ್ ಮಾತ ಎಲ್ಲಿ ಕೇಳ್ತಿದ್ದ, ಮುಂಡೇದು!"

ಅಂಗಡಿಯವನು ತಿನ್ನಬೇಕಾಗಿದ್ದ ಬೈಗುಳವನ್ನು ಸತ್ತವನೇ ತಿಂದ.