ಕಲ್ಯಾಣಿಯಿಂದ ನನ್ನನ್ನು ರಕ್ಷಿಸಿದ ಬಗೆ

ಮಿತ್ರರೇ, ಇಂದು ಬೆಳಿಗ್ಗೆ ಮೈಲಾಪೂರಿನ ನಮ್ಮ ಗುಡಿಯ ಕಲ್ಯಾಣಿಯಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು ಎರಡನೆಯ ಅರ್ಘ್ಯವನ್ನು ಕೊಡುತ್ತಿದ್ದಾಗ, ನೆರೆ ಪರಿಹಾರದವರು ರಬ್ಬರ್ ದೋಣಿಯಲ್ಲಿ ಬಂದು ನನ್ನ ತೋಳನ್ನು ಹಿಡಿದರು.

"ಸಾಮಿ, ಭಯಂ ವೇಂಡಾಂ, ಏರುಂಗ!" ಹೆದರಬೇಡಿ, ದೋಣಿ ಹತ್ತಿ ಎಂದು ಎಳೆದರು.

"ಇದು ನೆರೆಯಲ್ಲಪ್ಪಾ, ಕಲ್ಯಾಣಿ. ನೆರೆ ಹಿಂದಿನ ಬೀದಿಯಲ್ಲಿದೆ. ಅಲ್ಲೊಬ್ಬ ಬಾಣಂತಿ ಮಾಳಿಗೆಯ ಮೇಲೆ ಕುಳಿತಿದ್ದಾಳೆ" ಎಂದು ತಮಿಳಿನಲ್ಲಿಯೇ ವಿನಂತಿಸಿದೆ.

ಅವರ ಮುಖ್ಯಸ್ಥರು ಉಪಗ್ರಹ ತೆಗೆದ ಚಿತ್ರವನ್ನು ಬಿಚ್ಚಿ ತೋರಿಸಿದರು. ಮರಗಳು ಕವಿದಿದ್ದ ಆ ಬೀದಿ ಅದರಲ್ಲಿ ಹಸಿರಾಗಿತ್ತು; ನೀರೆಂದು ನೀಲಿಯಾಗಿ ಕಂಡದ್ದು ಕಲ್ಯಾಣಿ ಮಾತ್ರ.

"ನೀಲಿ ಇರೋದು ಇಲ್ಲೇ, ಸಾರ್. ನಿಮ್ಮನ್ನ ಬಿಟ್ಟು ದೋಣಿ ಕದಲಲ್ಲ."

ಬಾಣಂತಿಯ ಸಲುವಾಗಿ ರಕ್ಷಿಸಲ್ಪಡಲು ಒಪ್ಪಿದೆ. ಬಳಿಕವೇ ದೋಣಿ ಹಿಂದಿನ ಬೀದಿಗೆ ಬಂದಿತು. ತಾಯಿ-ಮಗು ಕ್ಷೇಮವಾಗಿ ಇಳಿದರು.

ಉಳಿದ ಅರ್ಘ್ಯವನ್ನು ದೋಣಿಯಲ್ಲಿಯೇ ಅರ್ಪಿಸಿದೆ. ಸೂರ್ಯನಾರಾಯಣನೂ ಮೇಲಿನಿಂದಲೇ ನೋಡುವವನು. ಆದರೆ ಮೀಯುವವನಾರು, ಮುಳುಗುವವನಾರು ಎಂಬುದು ಆತನಿಗೆ ತಿಳಿದಿದೆ.